ಮೇಣದ ದಾರ

೧೯೩೧ನೆಯ ಇಸವಿ ಮೇ ತಿಂಗಳ ಹದಿನಾಲ್ಕು, ಗುರುವಾರ, ಮಧ್ಯಾಹ್ನ ಒಂದೂವರೆ ಗಂಟೆ. ಸೊಲ್ಲಾಪುರದ ನವಿ ಪೇಠದಲ್ಲಿ ಒಬ್ಬ ಅರಿವೆ ವ್ಯಾಪಾರಿಯ ಗೋದಾಮು. ನಾಲ್ಕೂ ಗೋಡೆಗೆ ಬಟ್ಟೆಯ ಗಂಟುಗಳನ್ನು ಮಾಳಿಗೆ ಮುಟ್ಟುವವರೆಗೆ ಒಟ್ಟಿದ್ದರು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದರು. ಒಳಗೆ ಹದಿನಾಲ್ಕು ಮಂದಿ ಬ್ಯಾಂಡಿನವರು ಕುಡುಗೋಲಿನಂತೆ ಬಾಗಿದ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ, ಕಬ್ಬಿಣದ ಕಂಬಕ್ಕೆ ಬಿಗಿದ ಮೈಕಿನ ಎದುರು, ಹಾಡುಗಾರ್ತಿ ಚಂದ್ರಭಾಗಾಬಾಯಿ. ಆಕೆಯ ಎಡಗೈಗೆ ಎಟಕುವಂತೆ ಸ್ಟೂಲಿನ ಮೇಲೆ ಒಂದು ಶ್ರುತಿಪೆಟ್ಟಿಗೆ.

ಸಾಲಿನಲ್ಲಿ ಎಡದಿಂದ ಮೂರನೆಯವನು, ಕ್ಲಾರಿನೆಟ್ ಹಿಡಿದವನು, ಸಾತಲಿಂಗಪ್ಪ. ಆ ಗಳಿಗೆಯನ್ನು ಮುಂದೆ ಅವನು ಎಷ್ಟು ಸಲ ನೆನೆದನೋ, ಅಷ್ಟು ಸಲವೂ ಗಡಿಯಾರದ ಮುಳ್ಳುಗಳ ಸಮೇತ ನೆನೆದ. ಆಗ ಮಾತ್ರ ಅವನ ಮನಸ್ಸಿನಲ್ಲಿದ್ದದ್ದು ಬೆವರು. ಗ್ರಾಮಫೋನ್ ಕಂಪನಿಯವರು ಹಾಡು ಕೊರೆಯುವ ಮೇಣದ ತಟ್ಟೆಗಳು ಮೆತ್ತಗಾಗಬಾರದೆಂದು ಅವನ್ನು ಬರ್ಫದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಮನುಷ್ಯರಿಗೆ ಬರ್ಫ ಇರಲಿಲ್ಲ. ಗಿರಣಿಯ ಭೋಂಗಾ ಇನ್ನು ಎರಡು ತಾಸು ಕೂಗುವುದಿಲ್ಲ, ಬಿಸಿಲಿಗೆ ಪೇಠೆಯಲ್ಲಿ ಗಾಡಿ ಓಡಾಡುವುದಿಲ್ಲ, ಸದ್ದಿಲ್ಲದ ಹೊತ್ತು ಎಂದರೆ ಇದೇ ಎಂದು ಹೇಳಿ ಅವರು ಈ ಸಮಯವನ್ನು ಆರಿಸಿದ್ದರು.

ಈ ಬ್ಯಾಂಡು ಧೂಳಪ್ಪ ಮಾಸ್ತರರದು. ಯಾವುದೋ ದಂಡಿನ ಪಲ್ಟಣಿನವರು ಮಾರಿಹೋದ ಹಿತ್ತಾಳೆಯ ಕಾರ್ನೆಟ್ಟು, ಯುಫೋನಿಯಂ, ದೊಡ್ಡ ಡ್ರಮ್ಮುಗಳನ್ನು ಕೊಂಡು, ಗಿರಣಿಯ ಕೆಲಸದವರನ್ನೂ ರೈತರ ಮಕ್ಕಳನ್ನೂ ಕೂಡಿಸಿ ಅವರು ಕಟ್ಟಿದ್ದು. ಮದುವೆ, ಮೆರವಣಿಗೆ, ಗಿರಣಿಯ ಪೂಜೆ, ಎಲ್ಲಕ್ಕೂ ಅದು ಬೇಕು. ಆದರೆ ಸೊಲ್ಲಾಪುರದಲ್ಲಿ ಬ್ಯಾಂಡುಗಳಿಗೇನು ಬರ. ಇವರ ಬ್ಯಾಂಡನ್ನು ಜನ ಹುಡುಕಿಕೊಂಡು ಬರುತ್ತಿದ್ದದ್ದು ಅದರ ಮುಂದೆ ನಿಂತು ಹಾಡುವ ಹೆಂಗಸಿಗಾಗಿ.

ಚಂದ್ರಭಾಗಾಬಾಯಿ ಹುಟ್ಟಿದ್ದು ಮಂದ್ರೂಪದಲ್ಲಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಬೆಳೆದದ್ದು ಅಕ್ಕಲಕೋಟದಲ್ಲಿ, ಕಸ್ತೂರಬಾಯಿ ಎಂಬ ಚಿಕ್ಕಮ್ಮನ ಮನೆಯಲ್ಲಿ. ಹದಿನಾಲ್ಕಕ್ಕೆ ನಾಟಕ ಮಂಡಳಿ ಸೇರಿ, ಕನ್ನಡ ಮರಾಠಿ ಎರಡರಲ್ಲೂ ಹಾಡುತ್ತ ಹದಿನೇಳು ವರ್ಷ ಊರೂರು ತಿರುಗಿದಳು. ಮಂಡಳಿ ಒಡೆದು, ಪರದೆಗಳನ್ನು ಹರಾಜು ಹಾಕಿದ ಮೇಲೆ, ೧೯೨೬ರ ದಸರೆಯ ಮುಂದೆ ಧೂಳಪ್ಪ ಮಾಸ್ತರರ ಕಟ್ಟೆಗೆ ಬಂದು, ನಿಮ್ಮ ಬ್ಯಾಂಡಿಗೆ ನಾನು ಹಾಡತೀನಿ ಎಂದಳು. ಹಿತ್ತಾಳೆಯ ಆರ್ಭಟದಲ್ಲಿ ಹೆಂಗಸಿನ ಧ್ವನಿ ಎಲ್ಲಿ ಕೇಳೀತು ಎಂದು ಎಲ್ಲರೂ ನಕ್ಕರು. ಆಕೆ ಮರುದಿನ ಗಿರಣಿಯಿಂದ ಎಸೆದ ನೂಲಿನ ಸಿಕ್ಕುಗಳನ್ನು ಒಂದು ಬುಟ್ಟಿ ತಂದು, ಕಾರ್ನೆಟ್ಟುಗಳ ಬಾಯಿಗೆ ತಾನೇ ಕೈಯಾರೆ ತುರುಕತೊಡಗಿದಳು. ವಾದ್ಯದ ಬಾಯಿಗೋ ಬಾರಿಸುವವನ ಬಾಯಿಗೋ ಎಂದು ಯುಫೋನಿಯಂ ಬಾರಿಸುವ ಭೀಮಶಾ ಕೇಳಿದ್ದಕ್ಕೆ, ಮೊದಲು ಅದಕ್ಕೆ, ಸುಮ್ಮನಾಗದಿದ್ದರೆ ನಿಮಗೆ ಎಂದಿದ್ದಳು. ಹಾಗೆ ಬ್ಯಾಂಡು ಮೆತ್ತಗೆ ಬಾರಿಸುವುದನ್ನು ಕಲಿಯಿತು.

ಸಾತಲಿಂಗಪ್ಪನಿಗೆ ಆಗ ಇಪ್ಪತ್ತೆಂಟು. ಹಗಲಿಗೆ ಅವನು ಒಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ತೊಳೆದು, ತಕ್ಕಡಿ ಒರೆಸಿ, ಮಾಸ್ತರರಿಗೆ ಬೇಕಾದ ಸಾಮಾನು ತೆಗೆದಿಡುವ ಕೆಲಸದವ. ಮ್ಯಾಟ್ರಿಕ್ಕಿನವರೆಗೆ ಓದಿ ನಿಲ್ಲಿಸಿದ್ದ. ಓದು ನಿಂತರೂ ಅಳೆಯುವ ಚಟ ನಿಂತಿರಲಿಲ್ಲ. ಶಾಲೆಯಲ್ಲಿ ೨೫೬ ಎಂದು ಅಂಕಿ ಕೊರೆದ ಒಂದು ಶ್ರುತಿಕವೆ ಇತ್ತು. ಎರಡು ಕವಲಿನ ಉಕ್ಕಿನ ಕಡ್ಡಿ ಅದು. ಮೊಣಕಾಲಿಗೆ ಬಡಿದು ಹಿಡಿದರೆ ಸೆಕೆಂಡಿಗೆ ಇನ್ನೂರ ಐವತ್ತಾರು ಸಲ ನಡುಗಿ ಒಂದೇ ಸ್ವರ ಕೊಡುತ್ತದೆ. ಚಂದ್ರಭಾಗಾಬಾಯಿಯ ಷಡ್ಜವೂ ಅದೇ ಸ್ವರ. ಹೆಡ್‌ಮಾಸ್ತರರ ಅಪ್ಪಣೆ ಪಡೆದು ಸಾತಲಿಂಗಪ್ಪ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬ್ಯಾಂಡಿಗೆ ಬರುತ್ತಿದ್ದ. ಆಕೆ ಅವನನ್ನು ಸಾಯನ್ಸ್ ಸಾಹೇಬ್ರ ಎಂದು ಕರೆಯುತ್ತಿದ್ದಳು. ಎಲ್ಲರ ಎದುರಿಗೂ ಹಾಗೆಯೇ ಕರೆಯುತ್ತಿದ್ದಳು. ಅವನಿಗೆ ಅದು ಸಿಟ್ಟು ತರಿಸುತ್ತಿತ್ತು, ಹಾಗೆ ಕರೆಯದ ದಿನ ಏನೋ ಕಡಿಮೆಯಾದಂತೆಯೂ ಅನಿಸುತ್ತಿತ್ತು.

೧೯೨೮ರಲ್ಲಿ ಅಕ್ಕಲಕೋಟದ ಒಂದು ಮದುವೆಯಲ್ಲಿ ಆಕೆ ತಾರಷಡ್ಜ ಹಿಡಿದು ನಿಂತಾಗ ಅವನು ಶಾಲೆಯ ಸ್ಟಾಪ್‌ವಾಚನ್ನು ಗುಟ್ಟಾಗಿ ಒತ್ತಿದ್ದ. ಒಂದೇ ಉಸಿರಿನಲ್ಲಿ ಇಪ್ಪತ್ತೇಳು ಸೆಕೆಂಡು. ಅವನ ನೋಟ್‌ಬುಕ್ಕಿನಲ್ಲಿ ಆ ಅಂಕಿ ಬಹಳ ದಿನ ಒಂಟಿಯಾಗಿ, ಸುತ್ತ ಗೆರೆ ಎಳೆಸಿಕೊಂಡು ಇತ್ತು.

ಬ್ಯಾಂಡಿಗೆ ಒಂದು ರಿವಾಜು ಇತ್ತು. ಬಾರಿಸುವ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಎಲ್ಲರೂ ಮಾರುತಿ ಗುಡಿಯ ಕಟ್ಟೆಯ ಮೇಲೆ ಕೂಡುವರು. ಸಾತಲಿಂಗಪ್ಪ ಕವೆ ಬಡಿದು, ಒಂದೊಂದೇ ವಾದ್ಯವನ್ನು ಅದಕ್ಕೆ ಕೂಡಿಸುವನು. ಊದುವ ಪ್ರತಿ ವಾದ್ಯಕ್ಕೂ ಒಂದು ಜಾರುಕೊಳವೆ ಇರುತ್ತದೆ. ಹೊರಗೆ ಎಳೆದರೆ ಶ್ರುತಿ ಇಳಿಯುತ್ತದೆ, ಒಳಗೆ ನೂಕಿದರೆ ಏರುತ್ತದೆ. ಕೂಡಿದ ಮೇಲೆ ಅವನು ಆ ಸಂದಿಗೆ ಜೇನುಮೇಣ ಸವರಿದ ದಾರ ಸುತ್ತಿ ಗಂಟು ಹಾಕುವನು. ಆ ಗಂಟನ್ನು ಸಂಜೆಯವರೆಗೆ ಯಾರೂ ಬಿಚ್ಚುವಂತಿಲ್ಲ. ಮೆರವಣಿಗೆಯ ನಡುವೆ ನಿಂತು ಕೊಳವೆ ತಿರುವಾಡುವ ಬ್ಯಾಂಡುಗಳನ್ನು ಕಂಡರೆ ಧೂಳಪ್ಪ ಮಾಸ್ತರರಿಗೆ ಹೇಸಿಕೆ. ಮದುವೆ ಮನೆಯವರ ಮುಂದೆ ಶ್ರುತಿ ಸರಿಮಾಡಿಕೊಳ್ಳುವುದೆಂದರೆ ಬೀದಿಯಲ್ಲಿ ಧೋತರ ಉಟ್ಟುಕೊಂಡ ಹಾಗೆ ಎನ್ನುತ್ತಿದ್ದರು. ಅವರ ಬ್ಯಾಂಡಿನ ದಾರ ಹಗಲಿನಲ್ಲಿ ಒಮ್ಮೆಯೂ ಬಿಚ್ಚಿಲ್ಲ ಎಂಬುದು ಪೇಠೆಯಲ್ಲಿ ಹೆಸರಾದ ಮಾತು. ದಾರ ಕಟ್ಟುವ ಕೈ ಸಾತಲಿಂಗಪ್ಪನದಾದ್ದರಿಂದ ಆ ಹೆಸರಿನಲ್ಲಿ ಒಂದು ಪಾಲು ಅವನದೂ ಆಗಿತ್ತು.

ರೆಕಾರ್ಡಿಂಗಿಗೆ ಹದಿನೈದು ದಿನ ಮೊದಲು ಒಂದು ಮಾತು ನಡೆಯಿತು. ಮದುವೆಯೊಂದರ ಮಧ್ಯಾಹ್ನದ ಊಟದ ಪಂಕ್ತಿಗೆ ಬಾರಿಸಿ ಎಲ್ಲರೂ ಬೇವಿನ ಮರದ ಕೆಳಗೆ ಕುಳಿತಿದ್ದಾಗ ಚಂದ್ರಭಾಗಾಬಾಯಿ ನೀರಿನ ತಂಬಿಗೆ ಕೆಳಗಿಟ್ಟು ಕೇಳಿದಳು.

"ಸಾಯನ್ಸ್ ಸಾಹೇಬ್ರ, ಮಧ್ಯಾಹ್ನ ಆತಂದ್ರ ನಿಮ್ಮ ಕೊಳವಿಗಿ ನಿಚ್ಚಣಿಕಿ ಹಚ್ಚತೀರೇನು? ಏರಕೋತನ ಹೋಗತದ. ನಾನೂ ಹಿಂದ ಹಿಂದ ಹತ್ತಬೇಕು."

ಹದಿಮೂರು ಜನ ನಕ್ಕರು. ಸಾತಲಿಂಗಪ್ಪ ಕಿಸೆಯಿಂದ ಕವೆ ತೆಗೆದು ತೋರಿಸಿ, ಇದು ಉಕ್ಕು, ಮನುಷ್ಯರ ಕಿವಿಯಂತೆ ಹೊತ್ತಿಗೊಂದು ಹೇಳುವುದಿಲ್ಲ, ಮುಂಜಾನೆ ಇದಕ್ಕೆ ಕೂಡಿಸಿ ದಾರ ಕಟ್ಟಿದ್ದೇನೆ ಎಂದ. ಹಾಗಾದರೆ ಈಗ ಬಡಿದು ನೋಡಿರಿ ಎಂದಳು ಆಕೆ. ಅವನು ಬಡಿಯಲಿಲ್ಲ. ಕವೆಯನ್ನು ಕಿಸೆಗೆ ಹಾಕಿಕೊಂಡ. ಭೀಮಶಾ ಒಂದು ವಾರ ಅವನನ್ನು ನಿಚ್ಚಣಿಕಿ ಮಾಮಾ ಎಂದು ಕರೆದ.

ಬಯಲಿನ ಮದುವೆಗಳಲ್ಲಿ ಈ ಏರಿಳಿತ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆಕೆ ಬ್ಯಾಂಡಿನ ಹಿಂದೆ ಹತ್ತಿಕೊಂಡು ಹಾಡಿಬಿಡುತ್ತಿದ್ದಳು. ಗ್ರಾಮಫೋನ್ ಪ್ಲೇಟಿನ ವಿಷಯ ಬೇರೆ. ಪ್ಲೇಟು ಎಂದರೆ ಸತ್ತ ಮೇಲೂ ಉಳಿಯುವುದು, ಅದರಲ್ಲಿ ಸ್ವರ ಅಲುಗಾಡಬಾರದು ಎಂದು ಆಕೆ ಆ ದಿನ ತನ್ನ ಶ್ರುತಿಪೆಟ್ಟಿಗೆಯನ್ನು ತಂದಿದ್ದಳು. ನಾಟಕದ ದಿನಗಳಿಂದ ಇದ್ದ ಪೆಟ್ಟಿಗೆ ಅದು. ಹಿಂದಿನ ವರ್ಷ ಊರಿಗೆ ಮಾರ್ಶಲ್ ಲಾ ಬಂದು ಮೆರವಣಿಗೆಗಳೆಲ್ಲ ನಿಂತಿದ್ದಾಗ, ಮನೆಯಲ್ಲಿ ಕುಳಿತು ಅದನ್ನು ಒತ್ತುತ್ತ ಒಂದೇ ಹಾಡನ್ನು ತಿಂಗಳುಗಟ್ಟಲೆ ತಿದ್ದಿದ್ದಳು. ಮಂದ್ರೂಪದಲ್ಲಿ ತಾಯಿ ಬೀಸುವಾಗ ಹಾಡುತ್ತಿದ್ದ ಪದವದು. ತಾಯಿಯದೆಂದು ಆಕೆಗೆ ನೆನಪಿದ್ದದ್ದು ಅದೊಂದೇ. ಕಂಪನಿಯವರು ಹೈದರಾಬಾದಿನಿಂದ ಪುಣೆಗೆ ಹೋಗುವ ದಾರಿಯಲ್ಲಿ ಸೊಲ್ಲಾಪುರದಲ್ಲಿ ಎರಡು ದಿನ ಇಳಿದಿದ್ದರು. ಅವರ ಹತ್ತಿರ ಧೂಳಪ್ಪನವರ ಪಾಲಿಗೆ ಉಳಿದಿದ್ದವು ಐದು ತಟ್ಟೆ.

ಮೊದಲನೆಯ ತಟ್ಟೆ ತಿರುಗಿತು. ಆಕೆ ಪೆಟ್ಟಿಗೆಯ ತಿದಿಯನ್ನು ಒತ್ತಿ ಬ್ಯಾಂಡಿಲ್ಲದೆ ಹಾಡು ಎತ್ತಿದಳು. ಬಟ್ಟೆಯ ಗಂಟುಗಳ ನಡುವೆ ಆ ಧ್ವನಿ ಮಾರ್ದನಿಯಿಲ್ಲದೆ, ಬಾಣಲೆಯ ಎಣ್ಣೆಯಂತೆ ನಿಶ್ಚಲವಾಗಿ ನಿಂತಿತು. ಆಮೇಲೆ ಬ್ಯಾಂಡು ಸೇರಿಕೊಂಡಿತು. ಸೇರಿದ ಕೂಡಲೇ ಸಾತಲಿಂಗಪ್ಪನ ಹಲ್ಲಿನ ಸಂದಿಯಲ್ಲಿ, ಕ್ಲಾರಿನೆಟ್ಟಿನ ಮೂತಿ ಕಚ್ಚಿದ ಜಾಗದಲ್ಲಿ, ಏನೋ ತುರಿಸಿದ ಹಾಗೆ ಆಯಿತು. ಆಕೆಯ ಸ್ವರ ಮತ್ತು ಬ್ಯಾಂಡಿನ ಸ್ವರ ಒಂದನ್ನೊಂದು ಉಜ್ಜುತ್ತಿದ್ದವು. ಕಿವಿಗೆ ಕೇಳುವ ಯಂತ್ರ ಹಚ್ಚಿಕೊಂಡಿದ್ದ ಕಂಪನಿಯ ಸಾಹೇಬ ಕೈ ಎತ್ತಿ ನಿಲ್ಲಿಸಿದ. ಅವನ ಜೊತೆಗಿದ್ದ ಪುಣೆಯ ಗೃಹಸ್ಥ ಮರಾಠಿಯಲ್ಲಿ ಹೇಳಿದ: ಹಾಡುವವರು ಬೇರೆ, ಬಾರಿಸುವವರು ಬೇರೆ ಆಗುತ್ತಿದೆ. ಯಾರದು ತಪ್ಪೋ ನೀವೇ ನೋಡಿಕೊಳ್ಳಿರಿ. ಹತ್ತು ನಿಮಿಷ.

ಎಲ್ಲರೂ ನೀರು ಕುಡಿಯಲು ಹೋದರು. ಸಾತಲಿಂಗಪ್ಪ ಕ್ಲಾರಿನೆಟ್ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ನಡೆದು, ಗೋಡೆಯ ನೆರಳಿನ ಒಂದು ಗೇಣು ಪಟ್ಟಿಯಲ್ಲಿ ನಿಂತ. ಕವೆ ತೆಗೆದು ಮೊಣಕಾಲಿಗೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಕ್ಲಾರಿನೆಟ್ಟು ಹಿಡಿದು ಮೆಲ್ಲಗೆ ಊದಿದ. ಸಂಶಯಕ್ಕೆ ಎಡೆಯೇ ಇರಲಿಲ್ಲ. ಅವನ ವಾದ್ಯ ಮೇಲಿತ್ತು. ಮುಂಜಾನೆಯ ತಂಪಿನಲ್ಲಿ ಕೂಡಿಸಿ ಕಟ್ಟಿದ ಕೊಳವೆಯೊಳಗಿನ ಗಾಳಿ ಈಗ ಕಾದಿತ್ತು. ಕಾದ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ, ಸ್ವರ ಏರುತ್ತದೆ. ಶಾಲೆಯ ಪುಸ್ತಕದಲ್ಲಿ ಇದು ಇತ್ತು. ಆ ಪುಸ್ತಕದ ಧೂಳನ್ನು ಅವನೇ ಜಾಡಿಸುತ್ತಿದ್ದ. ದಾರಗಳನ್ನು ಕತ್ತರಿಸಿ, ಪ್ರತಿ ಕೊಳವೆಯನ್ನೂ ಒಂದು ಜೋಳದ ಕಾಳಿನಷ್ಟು ಹೊರಗೆ ಎಳೆದಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸವೂ ಅಲ್ಲ.

ಅವನು ಒಳಗೆ ಬರುವ ಹೊತ್ತಿಗೆ ಧೂಳಪ್ಪ ಮಾಸ್ತರರು ಪುಣೆಯವನ ಪಕ್ಕ ನಿಂತಿದ್ದರು. ಬ್ಯಾಂಡಿನವರು ಮತ್ತೆ ಸಾಲಾಗಿದ್ದರು. ಚಂದ್ರಭಾಗಾಬಾಯಿ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು, ಬೇರೆ ಯಾರನ್ನೂ ನೋಡದೆ, ಅವನನ್ನೇ ನೋಡುತ್ತಿದ್ದಳು.

"ಸಾತಲಿಂಗಪ್ಪ," ಎಂದರು ಮಾಸ್ತರರು, "ನಮ್ಮ ದಾರ ಬರೋಬರ ಅದನೋ ಇಲ್ಲೋ?"

ಅದು ಪ್ರಶ್ನೆಯಂತೆ ಇರಲಿಲ್ಲ. ಭೀಮಶಾ ಹುಬ್ಬು ಏರಿಸಿ ನಿಂತಿದ್ದ. ನಿಚ್ಚಣಿಕೆಯ ಮಾತು ಅವನ ತುಟಿಯ ಮೇಲೆ ಕಾಯುತ್ತಿದ್ದುದು ಸಾತಲಿಂಗಪ್ಪನಿಗೆ ಕಂಡಿತು.

"ಬರೋಬರ ಅದರಿ," ಎಂದ ಅವನು. "ಬಾಯಾರ ಸ್ವರ ಇಳದದ."

ಆಕೆ ಶ್ರುತಿಪೆಟ್ಟಿಗೆಯ ತಿದಿಯನ್ನು ಮುಚ್ಚಿ, ಸ್ಟೂಲಿನ ಕೆಳಗೆ ಸರಿಸಿದಳು. ಎರಡನೆಯ ತಟ್ಟೆಗೆ ಆಕೆ ಬ್ಯಾಂಡನ್ನು ಕೇಳಿಕೊಂಡು ಹಾಡಲು ನೋಡಿದಳು. ಐದು ವರ್ಷ ಮದುವೆಗಳಲ್ಲಿ ಸರಾಗವಾಗಿ ಮಾಡಿದ್ದನ್ನೇ ಈಗ ಮಾಡಲು ಆಗಲಿಲ್ಲ. ಒಂದು ಸ್ವರ ಹಿಡಿದು, ಇದು ಸರಿಯೋ ಎಂದು ಅನುಮಾನಿಸಿ, ಸ್ವಲ್ಪ ಏರಿಸಿ, ಮತ್ತೆ ಇಳಿಸುತ್ತಿದ್ದಳು. ಮೂರನೆಯದರಲ್ಲಿ ಧ್ವನಿ ಬಿರಿಯಿತು. ಸಾಹೇಬ ಗಡಿಯಾರ ನೋಡಿ ಏನೋ ಹೇಳಿದ. ಉಳಿದ ಎರಡು ತಟ್ಟೆಗಳ ಮೇಲೆ ಬ್ಯಾಂಡು ಮಾತ್ರ ಬಾರಿಸಿತು. ಆಕೆ ಒಂದು ಬಟ್ಟೆಯ ಗಂಟಿನ ಮೇಲೆ ಕುಳಿತು ಅದನ್ನು ಕೊನೆಯವರೆಗೆ ಕೇಳಿದಳು.

ದೀಪಾವಳಿಯ ಹೊತ್ತಿಗೆ ಬ್ಯಾಂಡಿನ ಪ್ಲೇಟು ಬಂತು. ನವಿ ಪೇಠದ ಚಹಾದ ಅಂಗಡಿಗಳಲ್ಲಿ ಅದು ತಿರುಗುತ್ತಿತ್ತು. ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಏರಿದ್ದರಿಂದ ಅವುಗಳೊಳಗೆ ಅಂಥ ಜಗಳವೇನೂ ಇರಲಿಲ್ಲ. ಕೇಳಿದವರು ಮೆಚ್ಚಿಕೊಂಡರು.

ರೆಕಾರ್ಡಿಂಗಿನ ನಂತರ ಆ ಬೇಸಿಗೆಯ ಮದುವೆಗಳಲ್ಲಿ ಆಕೆ ಐದಾರು ಕಡೆ ಹಾಡಿದಳು. ಪ್ರತಿ ಹಾಡಿನ ನಡುವೆ ಸಾತಲಿಂಗಪ್ಪನ ಮುಖ ನೋಡುತ್ತಿದ್ದಳು, ಅಡಿಗೆಗೆ ಉಪ್ಪು ಹಾಕಿ ಪಕ್ಕದವರನ್ನು ಕೇಳುವ ಹಾಗೆ. ಅವನು ತಲೆ ಆಡಿಸುತ್ತಿದ್ದ. ಅದೇ ಅವನಿಗೆ ಹೆಚ್ಚು ಕಷ್ಟವಾದದ್ದು. ಸಾಯನ್ಸ್ ಸಾಹೇಬ್ರ ಎಂದು ಆಕೆ ಈಗ ಕರೆಯುತ್ತಿರಲಿಲ್ಲ. ಬರೀ ಸಾತಲಿಂಗಪ್ಪನವರ ಎನ್ನುತ್ತಿದ್ದಳು. ಕೊನೆಗೆ ಅಕ್ಕಲಕೋಟದಲ್ಲಿ, ಹಿಂದೆ ಆಕೆಯ ಸ್ವರ ಇಪ್ಪತ್ತೇಳು ಸೆಕೆಂಡು ನಿಂತ ಅದೇ ಮನೆತನದ ಇನ್ನೊಂದು ಮದುವೆಯಲ್ಲಿ, ಪಲ್ಲವಿಯ ನಡುವೆ ನಿಲ್ಲಿಸಿಬಿಟ್ಟಳು. ಬ್ಯಾಂಡು ಒಂದು ಸುತ್ತು ಹಾಗೆಯೇ ಬಾರಿಸಿ ಮುಗಿಸಿತು. ಆಕೆ ಧೂಳಪ್ಪ ಮಾಸ್ತರರ ಹತ್ತಿರ ಹೋಗಿ, ನನ್ನ ಕಿವಿ ಹೋಗ್ಯಾವರಿ ಮಾಸ್ತರ್ರ, ಇನ್ನ ಸಾಕು ಎಂದಳು. ಸಾತಲಿಂಗಪ್ಪ ಎರಡು ಮಾರು ದೂರದಲ್ಲಿ ಕ್ಲಾರಿನೆಟ್ಟಿನ ದಾರ ಬಿಚ್ಚುತ್ತಿದ್ದ. ಹೇಳುವುದಿದ್ದರೆ ಅದು ಎರಡನೆಯ ಅವಕಾಶ. ಅವನು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದ, ಮೇಣವನ್ನು ಉಗುಳಿದ, ವಾದ್ಯವನ್ನು ಚೀಲಕ್ಕೆ ಹಾಕಿದ. ಆಕೆ ಸೊಲ್ಲಾಪುರಕ್ಕೆ ಮರಳಲಿಲ್ಲ. ಅಲ್ಲೇ ಚಿಕ್ಕಮ್ಮನ ಮನೆಗೆ ಹೋದಳು.

ಆಮೇಲಿನ ವರ್ಷಗಳಲ್ಲಿ ಮಾತಾಡುವ ಸಿನೆಮಾ ಬಂತು, ಮದುವೆಗಳಿಗೆ ಲೌಡ್‌ಸ್ಪೀಕರು ಬಂತು. ಹದಿನಾಲ್ಕಿದ್ದವರು ಒಂಬತ್ತಾದರು, ಆರಾದರು. ಭೀಮಶಾ ಗಿರಣಿಯಲ್ಲಿ ಆಳುಗಳ ಮೇಲಿನ ಜಾಬರ್ ಆದ. ಸಾತಲಿಂಗಪ್ಪ ತನಗೆ ತಾನು ಹೇಳಿಕೊಳ್ಳುತ್ತಿದ್ದ ಕಾರಣ ಒಂದೇ: ಮಾಸ್ತರರು ಇರುವವರೆಗೆ ಈ ಮಾತು ಎತ್ತಿದರೆ ಅವರ ಹೆಸರಿಗೆ ಕುಂದು. ೧೯೩೭ರ ಶ್ರಾವಣದಲ್ಲಿ ಮಾಸ್ತರರು ತೀರಿಕೊಂಡರು. ಮಣ್ಣಿಗೆ ಹೋಗಿಬಂದು, ಸ್ನಾನ ಮಾಡಿ ಕುಳಿತಾಗ ಅವನಿಗೆ ತಿಳಿಯಿತು: ಆ ಕಾರಣ ಹೋಯಿತು, ಆದರೂ ಆಕೆಯ ಹತ್ತಿರ ಹೋಗಲು ತಾನು ಏಳುತ್ತಿಲ್ಲ. ಹಾಗಾದರೆ ಕಾರಣ ಮಾಸ್ತರರು ಆಗಿರಲೇ ಇಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ಶಾಲೆಗೆ ಹೊಸದಾಗಿ ಬಂದಿದ್ದ ವಿಜ್ಞಾನದ ಮಾಸ್ತರರು ವರ್ಗಕ್ಕೆ ಒಂದು ಪ್ರಯೋಗ ತೋರಿಸಿದರು. ಒಂದೇ ಅಂಕಿಯ ಎರಡು ಕವೆಗಳನ್ನು ತರಿಸಿ, ಒಂದರ ಕವಲಿಗೆ ಚೂರು ಮೇಣ ಅಂಟಿಸಲು ಸಾತಲಿಂಗಪ್ಪನಿಗೆ ಹೇಳಿದರು. ಎರಡನ್ನೂ ಬಡಿದು ಮೇಜಿಗೆ ಊರಿದಾಗ ಸದ್ದು ಏರಿ ಇಳಿದು, ಏರಿ ಇಳಿದು, ಉಸಿರಾಡುವಂತೆ ಕೇಳಿತು. ಈ ಮಿಡಿತಗಳನ್ನು ಎಣಿಸಿರಿ, ಎರಡರ ನಡುವೆ ಎಷ್ಟು ಅಂತರವಿದೆಯೋ ಸೆಕೆಂಡಿಗೆ ಅಷ್ಟೇ ಮಿಡಿತ, ಕಿವಿ ಮೋಸ ಹೋದರೂ ಎಣಿಕೆ ಮೋಸ ಹೋಗದು ಎಂದರು ಅವರು. ಸಾತಲಿಂಗಪ್ಪನ ಬೆರಳಿಗೆ ಮೇಣ ಅಂಟಿತ್ತು. ಅವನು ಅದನ್ನು ಧೋತರಕ್ಕೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಮೇ ತಿಂಗಳ ರಜೆಗಾಗಿ ಕಾದು, ಹದಿನಾಲ್ಕನೆಯ ತಾರೀಖು ಶನಿವಾರ ಸಂಜೆ ಅವನು ಅಕ್ಕಲಕೋಟಕ್ಕೆ ಹೋಗಿ ಧರ್ಮಶಾಲೆಯಲ್ಲಿ ಇಳಿದುಕೊಂಡ. ಭಾನುವಾರ ನಸುಕಿನಲ್ಲಿ ಕ್ಲಾರಿನೆಟ್ಟು, ಕವೆ, ಸ್ಟಾಪ್‌ವಾಚು, ಶಾಲೆಯ ಉಷ್ಣಮಾಪಕ, ಮೇಣ, ದಾರ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಿಡಿದು ಆಕೆಯ ಬಾಗಿಲಲ್ಲಿ ನಿಂತ. ಆಕೆ ಪಡಸಾಲೆ ಗುಡಿಸುತ್ತಿದ್ದಳು. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಬರ್ರಿ ಎಂದು ಚಾಪೆ ಹಾಸಿದಳು.

ಮೊದಲು ಮಾತು, ಆಮೇಲೆ ಪ್ರಯೋಗ ಎಂದು ಅವನು ಮೋಟಾರಿನಲ್ಲಿ ಬರುವಾಗ ನಿಶ್ಚಯ ಮಾಡಿಕೊಂಡಿದ್ದ. ಚಾಪೆಯ ಮೇಲೆ ಕುಳಿತ ಕೂಡಲೇ ಅದು ತಲೆಕೆಳಗಾಯಿತು. ಒಂದು ಪ್ರಯೋಗ ಅದರಿ ಬಾಯಾರ, ಈಗೊಮ್ಮೆ, ಮಧ್ಯಾಹ್ನ ಒಂದೂವರೆಗೆ ಒಮ್ಮೆ ಎಂದ. ಆಕೆ ಯಾಕೆ ಎಂದು ಕೇಳಲಿಲ್ಲ. ಅವನು ಉಷ್ಣಮಾಪಕವನ್ನು ಕಂಬಕ್ಕೆ ತೂಗುಹಾಕಿದ, ಎಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದುಕೊಂಡ. ಕವೆಯನ್ನು ಬಡಿದು ಒಂದು ಮಣೆಯ ಮೇಲೆ ಊರಿ, ಕ್ಲಾರಿನೆಟ್ಟನ್ನು ಅದಕ್ಕೆ ಕೂಡಿಸಿದ. ಮಿಡಿತ ಒಂದೂ ಇರಲಿಲ್ಲ. ಸಂದಿಗೆ ಮೇಣದ ದಾರ ಸುತ್ತಿ ಗಂಟು ಹಾಕಿ ಆಕೆಗೆ ತೋರಿಸಿದ. ದಾರವನ್ನು ಕಂಡಾಗ ಆಕೆಯ ಮುಖ ಬದಲಾಯಿತು.

ಏಳೆಂಟು ತಾಸು ಕಾಯಬೇಕಾಗಿತ್ತು. ಕಸ್ತೂರಬಾಯಿ ಹೋಗಿ ಮೂರು ವರ್ಷ ಆಗಿದೆಯಂತೆ. ಸೊಲ್ಲಾಪುರದಿಂದ ಬರುವ ತುಂಡು ಬಟ್ಟೆಗಳಿಂದ ಚಂದ್ರಭಾಗಾಬಾಯಿ ಈಗ ಕೌದಿ ಹೊಲಿಯುತ್ತಿದ್ದಳು. ಅವನು ಕುಳಿತಿದ್ದಷ್ಟು ಹೊತ್ತೂ ಆಕೆಯ ಸೂಜಿ ನಿಲ್ಲಲಿಲ್ಲ. ನಡುವೆ ನೆರೆಯ ಸಕ್ಕುಬಾಯಿ ಎಂಬ ಹೆಂಗಸು ಬಂದು, ಬ್ಯಾಂಡಿನವರು ಬಂದಾರಂತ ಎಂದು ಅವನನ್ನು ಮೇಲಿಂದ ಕೆಳಗೆ ನೋಡಿ ಹೋದಳು. ಸಕ್ಕುಬಾಯಿ ತನ್ನ ಮಗಳಿಗೆ ಹಾಡು ಕಲಿಸೆಂದು ಎರಡು ವರ್ಷ ಗಂಟುಬಿದ್ದಿದ್ದಳಂತೆ. ಕೆಟ್ಟ ಕಿವಿಯಿಂದ ಮಂದಿಯ ಮಕ್ಕಳಿಗೆ ಏನು ಕಲಿಸಲಿ ಎಂದು ಚಂದ್ರಭಾಗಾಬಾಯಿ ಒಪ್ಪಲಿಲ್ಲವಂತೆ. ಅದನ್ನು ಆಕೆ ದೂರುವ ಧಾಟಿಯಲ್ಲಿ ಹೇಳಲಿಲ್ಲ, ಮಾತಿಗೆ ಮಾತು ಎಂದು ಹೇಳಿದಳು. ಶ್ರುತಿಪೆಟ್ಟಿಗೆ ಗೂಟಕ್ಕೆ ತೂಗುತ್ತಿತ್ತು. ಅದರ ತಿದಿಯ ತೊಗಲನ್ನು ಇಲಿ ಕಡಿದಿತ್ತು. ಆಕೆ ಅವನಿಗೆ ರೊಟ್ಟಿ, ಹುಳಿಬಾನ, ಶೇಂಗಾದ ಹಿಂಡಿ ಬಡಿಸಿದಳು. ಅವನಿಗೆ ಒಂದೊಂದು ತುತ್ತೂ ಕೈಯಲ್ಲಿ ಭಾರವಾಗಿತ್ತು.

ಒಂದೂವರೆಗೆ ಉಷ್ಣಮಾಪಕ ನೂರಾ ಎಂಟು ತೋರಿಸಿತು. ಅವನು ದಾರದ ಗಂಟು ಮುಂಜಾನೆಯದೇ ಎಂದು ಆಕೆಗೆ ಮುಟ್ಟಿ ನೋಡಲು ಕೊಟ್ಟ. ಕಾಲು ಗಂಟೆ ಬಿಸಿಲಿನ ಕಟ್ಟೆಯ ಮೇಲೆ ನಿಂತು ಊದಿದ, ಮೆರವಣಿಗೆಯಲ್ಲಿ ಊದುವಂತೆ. ಒಳಗೆ ಬಂದು ಕವೆಯನ್ನು ಬಡಿದು ಮಣೆಗೆ ಊರಿ, ಅದೇ ಸ್ವರ ಹಿಡಿದ.

ಸದ್ದು ಅಲೆ ಅಲೆಯಾಗಿ ಎದ್ದಿತು. ಸೂಜಿ ನಿಂತಿತು. ಆಕೆ ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಕೌದಿಯ ಮೇಲೆ ಒಂದೊಂದೇ ಮಿಡಿತವನ್ನು ಬಡಿಯತೊಡಗಿದಳು. ಅವನು ಗಡಿಯಾರ ನೋಡುತ್ತ ಹತ್ತು ಸೆಕೆಂಡಿಗೆ ಊದುವುದನ್ನು ನಿಲ್ಲಿಸಿದ.

"ಮೂವತ್ತು," ಎಂದಳು ಆಕೆ.

ಹತ್ತು ಸೆಕೆಂಡಿಗೆ ಮೂವತ್ತು ಎಂದರೆ ಸೆಕೆಂಡಿಗೆ ಮೂರು. ಕ್ಲಾರಿನೆಟ್ಟು ಇನ್ನೂರ ಐವತ್ತೊಂಬತ್ತಕ್ಕೆ ಏರಿತ್ತು. ಹಿತ್ತಾಳೆ ವಾದ್ಯಗಳು ಇನ್ನೂ ಹೆಚ್ಚು ಏರಿರಬೇಕು ಎಂದು ಅವನು ವಿವರಿಸಿದ. ಗಾಳಿ ಕಾಯುವುದು, ಕೊಳವೆ, ದಾರ, ಎಲ್ಲ ಹೇಳಿದ. ಶ್ರುತಿಪೆಟ್ಟಿಗೆಯ ಹಿತ್ತಾಳೆಯ ನಾಲಿಗೆಗಳು ಶಾಖಕ್ಕೆ ಹಾಗೆ ಏರುವುದಿಲ್ಲ, ಆಕೆ ಹಿಡಿದದ್ದೇ ಸರಿ ಇತ್ತು ಎಂದ. ಪಾಠ ಒಪ್ಪಿಸುವವನಂತೆ ಹೇಳುತ್ತಿದ್ದೇನೆ ಎಂದು ತನಗೇ ತಿಳಿದರೂ ನಿಲ್ಲಿಸಲು ಧೈರ್ಯವಾಗಲಿಲ್ಲ. ನಿಲ್ಲಿಸಿದರೆ ಆಕೆ ಒಂದು ಪ್ರಶ್ನೆ ಕೇಳುತ್ತಾಳೆ.

ನಿಲ್ಲಿಸಿದ. ಆಕೆ ಕೇಳಿದಳು.

"ಇದು ನಿಮಗ ಯಾವಾಗ ಗೊತ್ತಾತು?"

ಈ ಫೆಬ್ರುವರಿಯಲ್ಲಿ ಎನ್ನಬಹುದಿತ್ತು. ವರ್ಗದಲ್ಲಿ ಪ್ರಯೋಗ ನೋಡಿದಾಗ ಹೊಳೆಯಿತು ಎನ್ನಬಹುದಿತ್ತು. ಕಟ್ಟೆಯ ಬಿಸಿಲಿನಿಂದ ಒಳಗೆ ಬರುವಾಗ ಆ ಮಾತು ಅವನ ನಾಲಿಗೆಯ ಮೇಲೆ ತಯಾರಾಗಿಯೇ ಇತ್ತು.

"ಅವತ್ತ ಗೊತ್ತಾತ್ರಿ," ಎಂದ. "ಗೋದಾಮಿನ ಹಿಂದ. ಕವಿ ಬಡದು ನೋಡೀನಿ. ಆಮ್ಯಾಲ ಒಳಗ ಬಂದು ಹಂಗ ಅಂದೀನಿ."

ಆಕೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

"ಏಳು ವರ್ಷ ಆತು," ಎಂದಳು. "ಬೀಸೂ ಮುಂದ ಸುದ್ದಾ ಹಾಡಿಲ್ಲ ನಾ. ಅವ್ವನ ಪದ ತಪ್ಪಿ ಅಂದೇನು ಅಂತ ಅಂಜಿಕಿ. ಬಾಯಿ ಮುಚಗೊಂಡು ಬೀಸೀನಿ."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂಬ ಮಾತನ್ನು ಎರಡು ಸಲ ಶುರು ಮಾಡಿ ಎರಡು ಸಲವೂ ಮುಗಿಸಲಿಲ್ಲ. ಆಕೆ ಅದಕ್ಕೆ ಕಾಯಲೂ ಇಲ್ಲ. ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು, ಕವೆಯನ್ನು ಕೈಗೆ ತೆಗೆದುಕೊಂಡು, ಅದರ ಮೇಲೆ ಕೊರೆದ ಅಂಕಿಯನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಮೊಣಕಾಲಿಗೆ ಬಡಿದು ಮಣೆಗೆ ಊರಿದಳು. ಗಡಿಯಾರ ಹಿಡೀರಿ ಎಂದಳು.

ಬಾಯಿ ತೆರೆದಾಗ ಮೊದಲು ಬಂದದ್ದು ಬರೀ ಗಾಳಿ. ಆಮೇಲೆ ಒರಟಾದ, ಧೂಳು ಹಿಡಿದ ಒಂದು ಸ್ವರ. ಅದು ಒಂದು ಗಳಿಗೆ ಕೆಳಗೆ ತಡಕಾಡಿತು, ಮತ್ತೆ ಕವೆಯ ಸ್ವರಕ್ಕೆ ಬಂದು ಕುಳಿತಿತು. ಸಾತಲಿಂಗಪ್ಪ ಮುಂದಕ್ಕೆ ಬಾಗಿ ಮಿಡಿತಕ್ಕಾಗಿ ಕಿವಿಗೊಟ್ಟ. ಒಂದೂ ಇರಲಿಲ್ಲ. ಎರಡು ಸದ್ದು ಎಂದು ಬೇರೆ ಮಾಡಿ ಹೇಳಲು ಬರದಷ್ಟು ಅವು ಕೂಡಿಕೊಂಡಿದ್ದವು. ಆಮೇಲೆ ಸ್ವರ ಮುರಿಯಿತು. ಆಕೆ ಸೆರಗನ್ನು ಬಾಯಿಗೆ ಒತ್ತಿ ಬಹಳ ಹೊತ್ತು ಕೆಮ್ಮಿದಳು. ಕವೆ ಮಾತ್ರ ಮಣೆಯ ಮೇಲೆ ಸಣ್ಣಗೆ ಗುಂಯ್‌ಗುಡುತ್ತಲೇ ಇತ್ತು.

ಅವನು ನೀರಿನ ತಂಬಿಗೆ ಹತ್ತಿರ ಸರಿಸಿದ. ಆಕೆ ಕುಡಿಯಲಿಲ್ಲ.

"ಬರೀರಿ," ಎಂದಳು. "ಬರದು ಇಡ್ರಿ. ಬ್ಯಾಂಡಿಂದೂ, ನಂದೂ. ತಾರೀಖ ಸಹಿತ. ಸಕ್ಕುಬಾಯಿಗಿ ತೋರಸತೀನಿ."

ಅವನು ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಬರೆದ: ೧೫ ಮೇ ೧೯೩೮. ಕ್ಲಾರಿನೆಟ್ ೨೫೯. ಚಂದ್ರಭಾಗಾಬಾಯಿ ೨೫೬. ಆಕೆ ಹಾಳೆಯನ್ನು ನೋಡಿ, ಮಡಿಸಿ, ಕೌದಿಯ ಗಂಟಿನ ಕೆಳಗೆ ಇಟ್ಟಳು. ಆಮೇಲೆ, ಅವನು ಚೀಲ ಕಟ್ಟಿಕೊಳ್ಳುತ್ತಿದ್ದಾಗ, ಬೇರೆ ಕಡೆ ನೋಡುತ್ತ, ಎಷ್ಟು ಹೊತ್ತು ನಿಂತಿತು ಎಂದು ಕೇಳಿದಳು.

ಸಾತಲಿಂಗಪ್ಪ ಗಡಿಯಾರವನ್ನು ಮತ್ತೊಮ್ಮೆ ನೋಡಿದ. ಮುಳ್ಳು ಅವನು ನಿಲ್ಲಿಸಿದಲ್ಲೇ ಇತ್ತು. ಇಪ್ಪತ್ತೇಳರ ಅಂಕಿ ಆಕೆಗೆ ಎಂದೂ ಗೊತ್ತಿರಲಿಲ್ಲ, ಅವನಿಗೊಬ್ಬನಿಗೇ ಗೊತ್ತಿತ್ತು. ಇದೊಂದನ್ನಾದರೂ ಹೆಚ್ಚು ಮಾಡಿ ಹೇಳೋಣವೇ ಎಂದು ಅವನಿಗೆ ಅನಿಸಿತು. ಹೇಳಲಿಲ್ಲ. ಇದ್ದದ್ದನ್ನೇ ಹೇಳಿದ.

ಒಂಬತ್ತು ಸೆಕೆಂಡು.